ಟೋ ಡಾಲಿ ಮೇಲೆ ಫೋರ್ ವೀಲ್ ಡ್ರೈವ್ ಜೀಪು: ನನ್ನ ಅನುಭವ

ನನ್ನ ಹಳೇ ಫೋರ್ ವೀಲ್ ಡ್ರೈವ್ ಜೀಪಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಎಂಜಿನ್ ಸ್ಟಾರ್ಟೇ ಆಗುತ್ತಿರಲಿಲ್ಲ. 140 ಕಿಲೋಮೀಟರ್ ದೂರದ ಮೆಕ್ಯಾನಿಕ್ ಹತ್ತಿರ ಒಯ್ಯಬೇಕಿತ್ತು. ಗೆಳೆಯನ ಬಳಿ ಟೋ ಡಾಲಿ ಇತ್ತು. ಮುಂದಿನ ಎರಡು ಚಕ್ರಗಳನ್ನು ಮಾತ್ರ ಹೊರುವ ಸಣ್ಣ ಗಾಡಿ ಅದು. ಹಿಂದಿನ ಚಕ್ರಗಳು ರಸ್ತೆ ಮೇಲೇ ಉರುಳುತ್ತವೆ.

"ಗೇರ್ ನ್ಯೂಟ್ರಲ್‌ಗೆ ಹಾಕಿ ಎಳ್ಕೊಂಡು ಹೋಗೋಣ, ಅಷ್ಟೇ ಅಲ್ವಾ?" ಅಂದ ಗೆಳೆಯ. ಅವನದು ಫ್ರಂಟ್ ವೀಲ್ ಡ್ರೈವ್ ಕಾರು. ಅದಕ್ಕೆ ಅಷ್ಟು ಸಾಕು. ನನ್ನ ಜೀಪಿಗೆ ಸಾಲದು.

ಹಿಂದಿನ ಚಕ್ರಗಳು ಉರುಳಿದರೆ ಅವೆರಡರ ನಡುವಿನ ಗೇರುಗಳ ಜೋಡಣೆ, ಅಂದರೆ ಡಿಫರೆನ್ಷಿಯಲ್, ತಿರುಗುತ್ತದೆ. ಅದು ಗಾಡಿಯ ಕೆಳಗಿನ ಉದ್ದ ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸುತ್ತದೆ. ಗೇರ್‌ಬಾಕ್ಸಿನ ಶಕ್ತಿಯನ್ನು ಎರಡು ಚಕ್ರಕ್ಕೋ ನಾಲ್ಕಕ್ಕೋ ಹಂಚುವುದು ಟ್ರಾನ್ಸ್‌ಫರ್ ಕೇಸ್. ಅದು ಟೂ ವೀಲ್‌ನಲ್ಲಿದ್ದರೆ ಆ ತಿರುಗಾಟ ಗೇರ್‌ಬಾಕ್ಸ್‌ವರೆಗೂ ಹೋಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿದ್ದರೂ ಅದು ನಿಲ್ಲುವುದಿಲ್ಲ. ನನ್ನದು ಮ್ಯಾನ್ಯುಯಲ್ ಗೇರ್‌ಬಾಕ್ಸ್. ಅದರಲ್ಲಿ ಕೆಳಗಿನ ಲೇ ಶಾಫ್ಟಿನ ಗೇರುಗಳು ಆಯಿಲನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಲೇ ಶಾಫ್ಟನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಅದೂ ನಿಂತಿರುತ್ತದೆ, ಮೇಲಿನ ಶಾಫ್ಟ್ ಮಾತ್ರ ಸರಿಯಾಗಿ ಆಯಿಲ್ ಸಿಗದೆ ತಿರುಗುತ್ತಿರುತ್ತದೆ. ನೂರಾರು ಕಿಲೋಮೀಟರ್ ಹೀಗೆ ಎಳೆದರೆ ಬೇರಿಂಗ್ ಸುಟ್ಟು ಹೋಗಬಹುದು.

ಟ್ರಾನ್ಸ್‌ಫರ್ ಕೇಸಿನ ಲಿವರ್ ಫೋರ್ ವೀಲ್‌ನಲ್ಲೇ ಉಳಿದರೆ ಇನ್ನೂ ಅಪಾಯ. ಮುಂದಿನ ಚಕ್ರಗಳು ಡಾಲಿಗೆ ಕಟ್ಟಿ ಹಾಕಿರುತ್ತವೆ. ಮುಂದಿನ ಹಬ್ಬೂ (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಭಾಗ) ಲಾಕ್ ಆಗಿದ್ದರೆ ಹಿಂದಿನವಕ್ಕೂ ತಿರುಗಲು ದಾರಿ ಇರುವುದಿಲ್ಲ. ಟೈರು ರಸ್ತೆ ಮೇಲೆ ತೇಯುತ್ತದೆ, ಇಲ್ಲವೇ ಮುಂದಿನ ಚಕ್ರ ಬೆಲ್ಟಿನಿಂದ ಕಿತ್ತುಕೊಂಡು ಬರಲು ನೋಡುತ್ತದೆ.

ನನ್ನ ಟ್ರಾನ್ಸ್‌ಫರ್ ಕೇಸಿನಲ್ಲೂ ಒಂದು ನ್ಯೂಟ್ರಲ್ ಇದೆ. ಅದಕ್ಕೆ ಹಾಕಿದರೆ ಚಕ್ರದ ತಿರುಗಾಟ ಗೇರ್‌ಬಾಕ್ಸ್‌ಗೆ ತಲುಪುವುದಿಲ್ಲ. ಮ್ಯಾನ್ಯುಯಲ್ ಪುಸ್ತಕ ಅದನ್ನೇ ಬಳಸಿ ಎಂದಿತ್ತು. ಆದರೆ ನ್ಯೂಟ್ರಲ್ ನಿಜವಾಗಿ ಬಿದ್ದಿದೆಯೇ ಎಂದು ನೋಡಬೇಕಲ್ಲ? ಸಾಮಾನ್ಯವಾಗಿ ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ಮೆಲ್ಲಗೆ ಕ್ಲಚ್ ಬಿಡುತ್ತೇವೆ. ಗಾಡಿ ಕದಲದಿದ್ದರೆ ಸರಿ. ನನ್ನ ಎಂಜಿನ್ನೇ ಸತ್ತಿತ್ತು. ಲಿವರಿನ ಲಿಂಕೇಜೂ ಸವೆದಿತ್ತು. ಗುಂಡಿಗೆ ಬಿದ್ದಾಗ ಅದು ಜಾರಿ ಟೂ ವೀಲ್‌ಗೆ ಬಂದರೆ ನನಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಡಲು ತೀರ್ಮಾನಿಸಿದೆ.

ಇಲ್ಲಿ ಕ್ರಮ ಮುಖ್ಯ. ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿ ನಿಲ್ಲಿಸಿದ್ದರೂ ಗಾಡಿ ನಿಲ್ಲುವುದಿಲ್ಲ. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದೂ ಶಾಫ್ಟಿನ ಮೇಲೆಯೇ. ಅಂಥದ್ದರಲ್ಲಿ ಅದೂ ಹಿಡಿಯುವುದಿಲ್ಲ. ಅದಕ್ಕೇ ಮೊದಲು ಸಮತಟ್ಟು ಜಾಗದಲ್ಲಿ ಡಾಲಿಯನ್ನು ಎಳೆಯುವ ಗಾಡಿಗೆ ಜೋಡಿಸಿದೆವು. ಸುರಕ್ಷತಾ ಸರಪಳಿಗಳನ್ನು ಕೊಕ್ಕೆಯ ಕೆಳಗೆ ಅಡ್ಡಡ್ಡ ಹಾಕಿದೆವು. ಕೈ ವಿಂಚಿನಿಂದ ಜೀಪನ್ನು ಹತ್ತಿಸಿ, ಮುಂದಿನ ಎರಡೂ ಟೈರುಗಳಿಗೆ ಬೆಲ್ಟು ಬಿಗಿದೆವು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಬೆಣೆ ಕೊಟ್ಟೆವು. ಅದಾದ ಮೇಲೇ ನಾನು ಕೆಳಗೆ ಮಲಗಿದ್ದು.

ಸ್ಪ್ಯಾನರ್ ಹಿಡಿಯುವ ಮೊದಲು ಶಾಫ್ಟಿನ ತುದಿಯ ಫ್ಲಾಂಜಿಗೂ (ಬೋಲ್ಟು ಹಾಕುವ ಬಿಲ್ಲೆ) ಡಿಫರೆನ್ಷಿಯಲ್ ಫ್ಲಾಂಜಿಗೂ ಸೇರಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ಆ ಕಡೆ ಟ್ರಾನ್ಸ್‌ಫರ್ ಕೇಸ್ ಹತ್ತಿರವೂ ಹಾಗೇ. ವಾಪಸ್ ಹಾಕುವಾಗ ಬೇರೆ ಸ್ಥಾನದಲ್ಲಿ ಕೂತರೆ ವೇಗದಲ್ಲಿ ಗಾಡಿ ನಡುಗಬಹುದು. ಒಂದು ಬದಿ ಮಾತ್ರ ಬಿಚ್ಚಿ, ಆ ತುದಿಯನ್ನು ತಂತಿಯಲ್ಲಿ ಕಟ್ಟಿ ಬಿಡುವವರೂ ಇದ್ದಾರೆ. ನನಗೆ ಅದು ಬೇಡ ಅನ್ನಿಸಿತು. ತಂತಿ ತುಂಡಾದರೆ ಶಾಫ್ಟ್ ರಸ್ತೆಗೆ ಬಡಿಯುತ್ತದೆ. ಪೂರ್ತಿ ತೆಗೆದು ಜೀಪಿನೊಳಗೆ ಇಟ್ಟೆ. ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿದೆ. ನನ್ನದು ಎರಡೂ ಕಡೆ ಫ್ಲಾಂಜ್ ಇರುವ ಶಾಫ್ಟು. ಟ್ರಾನ್ಸ್‌ಫರ್ ಕೇಸಿನೊಳಗೆ ಜಾರಿ ಕೂರುವ ಬಗೆಯದಾದರೆ ಎಳೆದ ತಕ್ಷಣ ಆಯಿಲ್ ಸೋರುತ್ತದೆ. ಅದಕ್ಕೆ ಮುಚ್ಚಳ ಮೊದಲೇ ಕೈಯಲ್ಲಿರಬೇಕು.

ಸ್ಟೀರಿಂಗ್ ಲಾಕ್ ಮಾಡಬೇಕೋ ಬೇಡವೋ ಎನ್ನುವುದು ಡಾಲಿಯನ್ನು ಅವಲಂಬಿಸಿದೆ. ನಮ್ಮದರಲ್ಲಿ ಚಕ್ರ ಕೂರುವ ತಟ್ಟೆಯೇ ತಿರುಗುತ್ತದೆ. ಹಾಗಾಗಿ ಸ್ಟೀರಿಂಗ್ ನೇರ ಇಟ್ಟು ಲಾಕ್ ಮಾಡಿದೆವು. ಜೀಪಿನ ಹಿಂದೆ ಮ್ಯಾಗ್ನೆಟ್ ದೀಪ ಅಂಟಿಸಿ ಬ್ರೇಕ್, ಇಂಡಿಕೇಟರ್ ನೋಡಿದೆವು. ಹ್ಯಾಂಡ್‌ಬ್ರೇಕ್ ಇಳಿಸಿ, ಬೆಣೆ ತೆಗೆದು ಹೊರಟೆವು.

ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿದೆ. ಬೆಲ್ಟು ಆಗಲೇ ಒಂದು ಬೆರಳು ತೂರುವಷ್ಟು ಸಡಿಲವಾಗಿತ್ತು! ಟೈರು ಅಲ್ಲಾಡಿ ಸರಿಯಾಗಿ ಕೂತ ಮೇಲೆ ಹೀಗಾಗುವುದು ಸಹಜ. ಮತ್ತೆ ಬಿಗಿದೆ. ಆಮೇಲೆ ಪ್ರತಿ ನಿಲುಗಡೆಯಲ್ಲೂ ಬೆಲ್ಟು, ಸರಪಳಿ, ದೀಪ ನೋಡಿದೆ. ಹಿಂದಿನ ಹಬ್ಬುಗಳ ಹತ್ತಿರ ಅಂಗೈ ಒಡ್ಡಿ ಬಿಸಿ ನೋಡಿದೆ. ವೇಗ 60 ದಾಟಿಸಲಿಲ್ಲ. ಬ್ರೇಕ್ ಬಹಳ ಮುಂಚೆಯೇ ಒತ್ತುತ್ತಿದ್ದೆ. ರಿವರ್ಸ್ ಹೋಗುವಂಥ ಕಡೆ ಗಾಡಿ ನುಗ್ಗಿಸಲೇ ಇಲ್ಲ. ರಿವರ್ಸ್ ತೆಗೆದರೆ ಡಾಲಿ, ಜೀಪು ಎರಡೂ ಬೇರೆ ಬೇರೆ ಕಡೆ ಮಡಚಿಕೊಳ್ಳುತ್ತವೆ, ಫೆಂಡರ್ ಬಡಿಯುತ್ತದೆ. ಪೆಟ್ರೋಲ್ ಬಂಕಿಗೂ ಸುತ್ತಿ ಹೊರಬರಲು ದಾರಿ ಇದ್ದರೆ ಮಾತ್ರ ಹೋದೆ.

ಜೀಪು ಸರಿಯಾದ ಮೇಲೆ ಗೆರೆಗೆ ಗೆರೆ ಕೂಡಿಸಿ ಶಾಫ್ಟ್ ಹಾಕಿದೆ. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಬಿಗಿದೆ. ವಾಪಸ್ ಬರುವಾಗ ಒಂಚೂರೂ ನಡುಕವಿರಲಿಲ್ಲ.

ಕೆಲವು ತಿಂಗಳ ನಂತರ ಪರಿಚಯದ ಒಬ್ಬರು ತಮ್ಮ ಕಾರನ್ನೂ ಇದೇ ಡಾಲಿಯಲ್ಲಿ ಒಯ್ಯಬಹುದಾ ಎಂದು ಕೇಳಿದರು. ಅದು ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಟೋಮ್ಯಾಟಿಕ್. ಮುಂದಿನ ಚಕ್ರ ನಿಂತು ಹಿಂದಿನದು ಮಾತ್ರ ತಿರುಗಿದರೆ ಎರಡನ್ನೂ ಜೋಡಿಸುವ ನಡುವಿನ ಕಪ್ಲಿಂಗ್ ದಾರಿಯುದ್ದಕ್ಕೂ ಉಜ್ಜಿ ಬಿಸಿಯಾಗುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಪಂಪ್ ಓಡುವುದೂ ಎಂಜಿನ್ನಿನಿಂದಲೇ. ಅವರ ಮ್ಯಾನ್ಯುಯಲ್ ತೆರೆದು ತೋರಿಸಿದೆ. ನಾಲ್ಕೂ ಚಕ್ರ ನೆಲದಿಂದ ಮೇಲಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಫ್ಲಾಟ್‌ಬೆಡ್ ಲಾರಿ ಸಿಗಲು ಒಂದು ದಿನ ತಡವಾಯಿತು. ಕಾಯ್ದು, ಅದರಲ್ಲೇ ಕಳಿಸಿದೆವು.