ಮಗುವಿನ ಭೇಟಿಗೆ ಅರ್ಜಿ: ಕೋರಿಕೆಯನ್ನು ಬಿಡಿಸಿ ಬರೆಯಿರಿ

ಗಂಡ ಹೆಂಡತಿ ಬೇರೆಯಾಗಿದ್ದಾರೆ, ಮಗು ಒಬ್ಬರ ಬಳಿ ಇದೆ, ಇನ್ನೊಬ್ಬರಿಗೆ ನೋಡಲು ಬಿಡುತ್ತಿಲ್ಲ. ವಿಚ್ಛೇದನದ ಕೇಸು ಆಗಲೇ ನಡೆಯುತ್ತಿದ್ದರೆ, ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಅದೇ ಕೇಸಿನಲ್ಲಿ ಮಧ್ಯಂತರ ಅರ್ಜಿ (ಕೇಸು ಮುಗಿಯುವ ಮೊದಲೇ ತಾತ್ಕಾಲಿಕ ಆದೇಶ ಕೇಳುವ ಅರ್ಜಿ) ಹಾಕಬಹುದು. ಯಾವ ಕೇಸೂ ಇಲ್ಲದಿದ್ದರೆ ಮಕ್ಕಳ ಪಾಲಕತ್ವಕ್ಕೆ ಸಂಬಂಧಿಸಿದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿ, ಜೊತೆಗೇ ಕಲಂ 12ರಡಿ ಮಧ್ಯಂತರ ಆದೇಶ ಕೇಳಿ. ಈ ಕಾಯ್ದೆಯಡಿ ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿಗೇ ಹೋಗಬೇಕು. ಮಗು ಹುಬ್ಬಳ್ಳಿಯ ಅಜ್ಜಿಮನೆಯಲ್ಲಿದ್ದು ಅಲ್ಲೇ ಶಾಲೆಗೆ ಹೋಗುತ್ತಿರುವಾಗ ಬೆಂಗಳೂರಿನಲ್ಲಿ ಅರ್ಜಿ ಹಾಕಿದರೆ, ಕೇಸು ಯಾವ ಊರಿನ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ ಎಂಬ ತಕರಾರಿನಲ್ಲೇ ತಿಂಗಳುಗಳು ಕಳೆದುಹೋಗುತ್ತವೆ.

ಹೆಚ್ಚಿನವರು ಎಡವುವುದು ಕೋರಿಕೆಯಲ್ಲಿ, ಅಂದರೆ ಕೋರ್ಟಿನಿಂದ ಏನು ಬೇಕೆಂದು ಅರ್ಜಿಯಲ್ಲಿ ಕೇಳುವ ಭಾಗದಲ್ಲಿ. "ಭೇಟಿಗೆ ಅವಕಾಶ ಕೊಡಿಸಬೇಕು" ಎಂದಷ್ಟೇ ಬರೆದರೆ ಆದೇಶವೂ ಮೋಘಮ್ಮಾಗಿ ಬರುತ್ತದೆ, ಮೊದಲ ಭಾನುವಾರವೇ ಜಗಳ ಶುರು. ಹೀಗೆ ಬರೆಯಿರಿ: "ಪ್ರತಿ ತಿಂಗಳ 2 ಮತ್ತು 4ನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ತಾಯಿಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಗುವನ್ನು ಒಪ್ಪಿಸುವುದು, ಅಲ್ಲಿಗೇ ವಾಪಸು ತಂದುಬಿಡುವುದು. ಮಗುವಿಗೆ ಹುಷಾರಿಲ್ಲದಿದ್ದರೆ ಹಿಂದಿನ ರಾತ್ರಿ 8ರೊಳಗೆ ತಿಳಿಸುವುದು. ತಪ್ಪಿದ ಭೇಟಿ ಮುಂದಿನ ಭಾನುವಾರಕ್ಕೆ. ಬುಧವಾರ ಸಂಜೆ 7ಕ್ಕೆ 15 ನಿಮಿಷ ವಿಡಿಯೋ ಕಾಲ್. ಬೇಸಿಗೆ ಮತ್ತು ದಸರಾ ರಜೆಯಲ್ಲಿ ಅರ್ಧರ್ಧ." ಹುಟ್ಟುಹಬ್ಬ, ಯುಗಾದಿ, ಶಾಲೆಯ ಪೋಷಕರ ಸಭೆ, ಇವನ್ನೂ ಸೇರಿಸಿ. ಫೋನ್, ವಿಡಿಯೋ ಕಾಲ್ ಸಂಪರ್ಕವೂ ಮಗುವಿಗೆ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಅಪ್ಪ ಅಮ್ಮಂದಿರಿಗೆ ಇದು ದೊಡ್ಡ ಆಸರೆ.

ಐದು ವರ್ಷದೊಳಗಿನ ಹಿಂದೂ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರುತ್ತದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯೇ ಹಾಗೆ ಹೇಳುತ್ತದೆ. ಆ ವಯಸ್ಸಿನಲ್ಲಿ ತಂದೆ ರಾತ್ರಿ ತಂಗುವಿಕೆಗೆ ಹಠ ಹಿಡಿಯುವುದಕ್ಕಿಂತ ಪದೇ ಪದೇ ಆಗುವ ಸಣ್ಣ ಭೇಟಿ ಕೇಳುವುದು ಒಳ್ಳೆಯದು. ಬಹಳ ದಿನ ಮುಖ ನೋಡದ ಮಗುವಾದರೆ, ಕೋರ್ಟಿನ ಮಕ್ಕಳ ಕೊಠಡಿಯಲ್ಲಿ ಎರಡು ತಾಸಿನಿಂದ ಶುರುಮಾಡಿ, ಎಷ್ಟು ವಾರಕ್ಕೆ ಎಷ್ಟು ಹೆಚ್ಚಿಸಬೇಕೆಂಬುದನ್ನು ಕೋರಿಕೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ಆ ಎರಡು ತಾಸೇ ಖಾಯಂ ಆಗಿಬಿಡುತ್ತದೆ.

ಭೇಟಿಯ ದಿನ "ಮನೇಲಿ ನಿಮ್ಮಮ್ಮ ನನ್ನ ಬಗ್ಗೆ ಏನಂತಾಳೆ?" ಎಂದು ಮಗುವನ್ನು ಕೆದಕಬೇಡಿ, ವಿಡಿಯೋ ಮಾಡಿ ಸಾಕ್ಷಿ ತೆಗೆಯಬೇಡಿ. ಮಗು ನಲುಗುತ್ತದೆ, ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸಿದಾಗ ಅದೂ ಹೊರಗೆ ಬರುತ್ತದೆ. ಭೇಟಿಗೆ ಬಿಡಲಿಲ್ಲವೆಂದು ಜೀವನಾಂಶ ನಿಲ್ಲಿಸುವುದೂ ತಪ್ಪು. ಎರಡೂ ಬೇರೆ ಬೇರೆ ಆದೇಶ. ಹಣ ನಿಲ್ಲಿಸಿದರೆ ನೀವೇ ಬಾಕಿದಾರರಾಗುತ್ತೀರಿ.

ಆದೇಶ ಬಂದ ಮೇಲೂ ಮಗುವನ್ನು ಕಳಿಸದಿದ್ದರೆ ಗೇಟಿನಲ್ಲಿ ಕೂಗಾಡಬೇಡಿ. "10 ಗಂಟೆಗೆ ಬಂದಿದ್ದೇನೆ, ಕಾಯುತ್ತಿದ್ದೇನೆ" ಎಂದು ಮೆಸೇಜ್ ಹಾಕಿ, 10.45ಕ್ಕೆ ಇನ್ನೊಂದು. ತಾರೀಖುವಾರು ಪಟ್ಟಿ ಇಟ್ಟುಕೊಂಡು, ವಾಟ್ಸ್‌ಆಪ್ ಪ್ರಿಂಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾದದ್ದು) ಲಗತ್ತಿಸಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕಿ. ಮಗು ಬೆಳೆದಂತೆ, ಶಾಲೆ ಅಥವಾ ಊರು ಬದಲಾದಂತೆ ವೇಳಾಪಟ್ಟಿ ಬದಲಿಸಲು ಅದೇ ಕೋರ್ಟಿಗೆ ಮತ್ತೆ ಅರ್ಜಿ ಹಾಕಬಹುದು.