ಮೊದಲು ಕೈಗಳನ್ನು ಹುಡುಕಿ: ಬಾಸೆಲ್‌ನ ಗ್ರೀಕ್ ಸುವಾರ್ತೆ ಪ್ರತಿಯನ್ನು ನೋಡುವ ಬಗೆ

ನನ್ನ ಅಪ್ಪ ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಕಾಪಿಯ, ಅಂದರೆ ಅಚ್ಚಿಗೆ ಬಂದ ಬರಹದ, ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಇಲ್ಲಿಯವರೆಗೆ ಜೋಡಿಸಿ ಆಯಿತು ಅಂತ. ಕೆಲಸ ಮುಗಿದ ಕಾಪಿ ಮನೆಗೆ ಬರುತ್ತಿತ್ತು, ಅದರ ಹಿಂಬದಿಯಲ್ಲಿ ನಾನು ಮಗ್ಗಿ ಬರೆಯುತ್ತಿದ್ದೆ. ಮುಂದೆ ನಾನೂ ಕರಡು ತಿದ್ದುವ ಕೆಲಸಕ್ಕೇ ಸೇರಿದೆ.

ನಿವೃತ್ತಿ ಆದ ಮೇಲೆ ಒಂದು ದಿನ ಕಂಪ್ಯೂಟರಿನಲ್ಲಿ ಗ್ರೀಕ್ ಸುವಾರ್ತೆಯ, ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ ಭಾಗದ, ಒಂದು ಹಳೆಯ ಹಸ್ತಪ್ರತಿ ನೋಡುತ್ತಿದ್ದೆ. ಅದರ ಮೇಲೆ ಅದೇ ಥರದ ಕೆಂಪು ಗುರುತು ಕಾಣಿಸಿತು. ಎದೆ ಝಲ್ಲೆಂದಿತು. ಸುಮಾರು ಒಂಬೈನೂರು ವರ್ಷ ಹಳೆಯ ತೊಗಲಿನ ಹಾಳೆ. ಅದರ ಮೇಲೆ ಐನೂರು ವರ್ಷದ ಹಿಂದೆ ಒಬ್ಬ ಮೊಳೆ ಜೋಡಿಸುವವನು ಹಾಕಿದ ಗುರುತು. ಆವತ್ತಿನಿಂದ ಆ ಪುಸ್ತಕವನ್ನು ಬಿಟ್ಟಿಲ್ಲ. ನಿಮಗೆ ಗ್ರೀಕ್ ಬರದಿದ್ದರೂ ಅದನ್ನು ಹೇಗೆ ನೋಡಬಹುದು ಅಂತ ಹೇಳಿಕೊಡುತ್ತೇನೆ.

ಆ ಪ್ರತಿ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಅಲ್ಲಿನ ಕಪಾಟು ಸಂಖ್ಯೆ ಎ.ಎನ್. ಐವಿ. 1. ಬೈಬಲ್ ವಿದ್ವಾಂಸರು ಮಾತ್ರ ಅದನ್ನು 'ಮಿನಸ್ಕ್ಯೂಲ್ 2' ಅನ್ನುತ್ತಾರೆ. ಹುಡುಕುವಾಗ ಎರಡೂ ಹೆಸರು ಬೇಕಾಗುತ್ತವೆ, ಬರೆದಿಟ್ಟುಕೊಳ್ಳಿ. ಮಿನಸ್ಕ್ಯೂಲ್ ಅಂದರೆ ಕೂಡಕ್ಷರದಂತೆ ಹರಿಯುವ ಸಣ್ಣ ಬರಹ. ಅದಕ್ಕೂ ಹಿಂದೆ ಗ್ರೀಕರು ಬೈಬಲನ್ನು ದೊಡ್ಡ ದೊಡ್ಡ ಬಿಡಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಇಸವಿ ನಮೂದಾಗಿರುವ ಮಿನಸ್ಕ್ಯೂಲ್ ಸುವಾರ್ತೆಗಳಲ್ಲಿ ಅತಿ ಹಳೆಯದು 835ರದ್ದು, ಅದು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಪ್ರತಿಗಳಿಗೆ ಹೀಗೆ 1, 2 ಅಂತ ಸಂಖ್ಯೆ ಕೊಡುವ ಪದ್ಧತಿ ಶುರು ಮಾಡಿದ್ದು 18ನೇ ಶತಮಾನದ ವೆಟ್‌ಸ್ಟೈನ್. ಅವರೂ ಬಾಸೆಲ್‌ನವರೇ. ಮಂಗಳೂರಿನವರಿಗೆ ಈ ಊರಿನ ಹೆಸರು ಹೊಸದಲ್ಲ. 1834ರಲ್ಲಿ ನಮ್ಮಲ್ಲಿಗೆ ಬಂದ ಬಾಸೆಲ್ ಮಿಶನ್ ಅಲ್ಲಿಯದೇ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಅವರ ಮಂಗಳೂರು ಪ್ರೆಸ್ಸಿನಲ್ಲೇ.

ಪುಟ ತೆರೆದ ಕೂಡಲೇ ಹಿಗ್ಗಿಸಬೇಡಿ. ಎಲ್ಲರೂ ಮಾಡುವ ತಪ್ಪು ಅದು, ನಾನೂ ಮಾಡಿದ್ದೆ. ಮೊದಲು ಇಡೀ ಹಾಳೆ ಪರದೆಯಲ್ಲಿ ಕಾಣಲಿ. ಪುಸ್ತಕದ ನಿಜವಾದ ಅಳತೆ ಸುಮಾರು 20 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲ. ಒಂದು ಕಾಗದವನ್ನು ಆ ಅಳತೆಗೆ ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಕೈಯಲ್ಲಿ ಹಿಡಿದು ಓದುವ ಪುಸ್ತಕ ಇದು ಅನ್ನುವುದು ಆಗ ಗೊತ್ತಾಗುತ್ತದೆ. ಪರದೆಯ ಮೇಲೆ ಎಲ್ಲ ಪುಸ್ತಕವೂ ಒಂದೇ ಗಾತ್ರ ಅಲ್ವಾ?

ಪುಟ ಸಂಖ್ಯೆ ಹುಡುಕಬೇಡಿ. ಇಲ್ಲಿ ಎಣಿಸುವುದು ಹಾಳೆಯನ್ನು. ಒಟ್ಟು 248 ಹಾಳೆ. ಹಾಳೆಯ ಮುಂಬದಿಗೆ 'ಆರ್', ಹಿಂಬದಿಗೆ 'ವಿ' ಅಂತ ಸೇರಿಸುತ್ತಾರೆ. ನಮ್ಮ ಓಲೆಗರಿಯಲ್ಲೂ ಗರಿಯನ್ನೇ ಎಣಿಸುವುದು, ಹಾಗಾಗಿ ನನಗೆ ಇದು ಕಷ್ಟ ಆಗಲಿಲ್ಲ.

ಈಗ ಹಾಳೆಯ ಬಣ್ಣ ನೋಡಿ. ತೊಗಲಿಗೆ ಎರಡು ಮೈ ಇರುತ್ತದೆ. ಕೂದಲಿದ್ದ ಕಡೆ ಸ್ವಲ್ಪ ಹಳದಿ, ಮಾಂಸದ ಕಡೆ ಬಿಳಿ. ಪುಸ್ತಕ ಕಟ್ಟುವವರು ಹಳದಿಗೆ ಹಳದಿ, ಬಿಳಿಗೆ ಬಿಳಿ ಎದುರಾಗುವಂತೆ ಮಡಿಸುತ್ತಿದ್ದರು. ತೆರೆದಿಟ್ಟ ಎರಡು ಪುಟದಲ್ಲಿ ಒಂದು ಹಳದಿ, ಇನ್ನೊಂದು ಬಿಳಿ ಕಂಡರೆ ಅಲ್ಲಿ ನಿಲ್ಲಿ. ನಡುವೆ ಹಾಳೆ ಕಳೆದಿರಬಹುದು, ಅಥವಾ ಹೊಲಿಗೆ ಬಿಚ್ಚಿ ಮತ್ತೆ ಕಟ್ಟಿರಬಹುದು. ಸಾಮಾನ್ಯವಾಗಿ ನಾಲ್ಕು ದೊಡ್ಡ ಹಾಳೆ ಮಡಿಸಿ ಎಂಟು ಹಾಳೆಯ ಒಂದು ಕಟ್ಟು ಮಾಡುತ್ತಿದ್ದರು. ನಮ್ಮ ಬೈಂಡರುಗಳು 'ಫಾರಂ' ಅನ್ನುವುದು ನೆನಪಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ವಾರ ನಾನು ಅಂಚಿನಲ್ಲಿ ಮಸುಕಾದ ಬರಹ ಕಂಡು, ಯಾರೋ ಗುಟ್ಟಾಗಿ ಬರೆದ ಟಿಪ್ಪಣಿ ಅಂದುಕೊಂಡೆ. ಎರಡು ದಿನ ಕೂತು ನೋಟುಪುಸ್ತಕಕ್ಕೆ ಅಕ್ಷರ ಅಕ್ಷರವಾಗಿ ಇಳಿಸಿದೆ. ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿದಾಗ ಗೊತ್ತಾಯಿತು, ಅದು ಹಾಳೆಯ ಹಿಂಬದಿಯ ಶಾಯಿ ಈ ಕಡೆಗೆ ಇಣುಕಿದ್ದು. ಮಸುಕಾದದ್ದು ಏನು ಕಂಡರೂ ಮೊದಲು ಹಿಂಬದಿ ನೋಡಿ.

ಸಾಲು ಎಣಿಸಿ. ಒಂದೇ ಅಂಕಣ, ಇಪ್ಪತ್ತು ಸಾಲು. ಈಗ ಹಿಗ್ಗಿಸಿ. ಲಿಪಿಕಾರ ಬರೆಯುವ ಮುಂಚೆ ಮೊನಚಾದ ಕಡ್ಡಿಯಿಂದ ಶಾಯಿ ಇಲ್ಲದೆ ಗೆರೆ ಕೊರೆಯುತ್ತಿದ್ದ. ಬೆಳಕು ಓರೆಯಾಗಿ ಬಿದ್ದ ಚಿತ್ರಗಳಲ್ಲಿ ಆ ಗೆರೆ ಕಾಣುತ್ತದೆ. ನಮ್ಮ ಕಾಪಿ ಪುಸ್ತಕದಲ್ಲಿ ಅಕ್ಷರ ಗೆರೆಯ ಮೇಲೆ ಕೂರುತ್ತದೆ. ಈ ಕಾಲದ ಗ್ರೀಕ್ ಪ್ರತಿಗಳಲ್ಲಿ ಅಕ್ಷರ ಗೆರೆಯಿಂದ ಕೆಳಕ್ಕೆ ಜೋತು ಬೀಳುತ್ತದೆ, ಹಿಂದಿ ಅಕ್ಷರ ತಲೆಗೆರೆಗೆ ಜೋತು ಬಿದ್ದ ಹಾಗೆ. ಪ್ರತಿಯ ಕಾಲ ಅಳೆಯುವವರು ನೋಡುವ ಗುರುತುಗಳಲ್ಲಿ ಇದೂ ಒಂದು.

ಅಕ್ಷರ ಕಲಿಯುವುದಕ್ಕೆ ಜಾಸ್ತಿ ಹೆದರಬೇಡಿ. ಅಚ್ಚಿನ ಗ್ರೀಕ್ ವರ್ಣಮಾಲೆ ಪಕ್ಕದಲ್ಲಿ ಇಟ್ಟುಕೊಂಡು ಎರಡು ವಾರ ಬರೆದರೆ ಸಾಕು. ಆದರೆ ಕೈಬರಹದಲ್ಲಿ ಬೀಟಾ ಇಂಗ್ಲಿಷಿನ 'ಯು' ಥರ ಕಾಣುತ್ತದೆ, ನ್ಯೂ ಕೂಡ ನೋಡಿದವರನ್ನು ದಾರಿ ತಪ್ಪಿಸುತ್ತದೆ. ಇದಕ್ಕಿಂತ ಸುಲಭದ ಬಾಗಿಲು ಒಂದಿದೆ. ಕೆಲವು ಪದಗಳ ತಲೆಯ ಮೇಲೆ ಅಡ್ಡಗೆರೆ ಇರುತ್ತದೆ. ದೇವರು, ಕರ್ತ, ಯೇಸು, ಕ್ರಿಸ್ತ, ಆತ್ಮ ಮುಂತಾದ ಪವಿತ್ರ ಪದಗಳನ್ನು ಪೂರ್ತಿ ಬರೆಯದೆ ಎರಡು ಮೂರು ಅಕ್ಷರಕ್ಕೆ ಮೊಟಕು ಮಾಡಿ ಮೇಲೆ ಗೆರೆ ಎಳೆಯುತ್ತಿದ್ದರು. 'ಥೆಯೋಸ್' ಅನ್ನುವುದಕ್ಕೆ ಥೀಟಾ ಮತ್ತು ಸಿಗ್ಮಾ ಮಾತ್ರ. ಜಾಗ ಉಳಿಸಲು ಮಾಡಿದ್ದಲ್ಲ ಇದು, ಗೌರವದ ಗುರುತು. ಪುಟದಲ್ಲಿ ಇಂಥ ಗೆರೆಗಳನ್ನೆಲ್ಲ ಹುಡುಕಿ. ಅರ್ಧ ಗಂಟೆಯಲ್ಲಿ ನಾಲ್ಕೈದು ಪದ ನಿಮ್ಮದಾಗುತ್ತವೆ.

ಅಧ್ಯಾಯ, ವಚನದ ಅಂಕಿ ಸಿಗುವುದಿಲ್ಲ. ಈಗ ನಾವು ಬಳಸುವ ಅಧ್ಯಾಯಗಳು 13ನೇ ಶತಮಾನದ ಯೂರೋಪಿನವು, ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ವಚನದ ಅಂಕಿ 1551ರಲ್ಲಿ ಬಂದದ್ದು. ಗ್ರೀಕರ ವಿಂಗಡಣೆಯೇ ಬೇರೆ. ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನಿಗೆ 68 ಭಾಗ, ಮಾರ್ಕನಿಗೆ 48, ಲೂಕನಿಗೆ 83, ಯೋಹಾನನಿಗೆ ಬರೀ 18. ಅಂಕಿಯನ್ನೂ ಅಕ್ಷರದಲ್ಲೇ ಬರೆಯುತ್ತಾರೆ. ಆಲ್ಫಾ ಒಂದು, ಬೀಟಾ ಎರಡು, ಹೀಗೆ. ಎಷ್ಟೋ ಸುವಾರ್ತೆ ಪ್ರತಿಗಳ ಅಂಚಿನಲ್ಲಿ 'ಆರಂಭ', 'ಮುಕ್ತಾಯ' ಅಂತಲೂ ಇರುತ್ತದೆ. ಆರಾಧನೆಯಲ್ಲಿ ಗಟ್ಟಿಯಾಗಿ ಓದುವವನಿಗೆ ಅದು ಸೂಚನೆ.

ಈಗ ಮುಖ್ಯ ಕೆಲಸಕ್ಕೆ ಬನ್ನಿ. ಪುಟದ ಮೇಲೆ ಎಷ್ಟು ಜನರ ಕೈ ಇದೆ? ಪದಗಳ ಅರ್ಥಕ್ಕೆ ಹೋಗುವ ಮೊದಲು ಇದನ್ನು ಬಿಡಿಸಿಕೊಳ್ಳಲೇಬೇಕು. ನಾನು ಒಂದೊಂದು ಕೈಗೂ ಒಂದೊಂದು ಬಣ್ಣದ ಪೆನ್ನು ಇಟ್ಟುಕೊಂಡು ಖಾಲಿ ಕಾಗದದ ಮೇಲೆ ಪುಟದ ನಕ್ಷೆ ಬಿಡಿಸುತ್ತೇನೆ.

ಮೊದಲ ಕೈ ಗ್ರೀಕ್ ಲಿಪಿಕಾರನದ್ದು. 11 ಅಥವಾ 12ನೇ ಶತಮಾನ. ಎರಡನೆಯದು ಡಚ್ ವಿದ್ವಾಂಸ ಎರಾಸ್ಮಸ್‌ದು. ಪ್ರತಿ ಆಗ ಬಾಸೆಲ್‌ನ ಡೊಮಿನಿಕನ್ ಸನ್ಯಾಸಿಗಳ ಮಠದಲ್ಲಿತ್ತು. ಆ ಊರಿನ ಫ್ರೋಬೆನ್ ಎಂಬ ಮುದ್ರಕ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಲು ಹೊರಟಿದ್ದ. ಅದನ್ನು ಸಿದ್ಧಪಡಿಸಿದ ಎರಾಸ್ಮಸ್ ಹೊಸದಾಗಿ ಪ್ರತಿ ಮಾಡಿಸುತ್ತಾ ಕೂರಲಿಲ್ಲ. ಈ ಹಳೆಯ ಪುಸ್ತಕದ ಸಾಲುಗಳ ನಡುವೆ, ಅಂಚಿನಲ್ಲಿ ತಾನೇ ತಿದ್ದಿ, ಅದನ್ನೇ ಪ್ರೆಸ್ಸಿಗೆ ಕಾಪಿಯಾಗಿ ಕೊಟ್ಟ. ಮೂರನೆಯ ಕೈ ಆ ಪ್ರೆಸ್ಸಿನವರದ್ದು. ಅಚ್ಚಿನ ಪುಟ ಎಲ್ಲಿ ಮುರಿಯುತ್ತದೆ ಅಂತ ಕೆಂಪು ಚಾಕಿನಿಂದ ಹಾಕಿದ ಗುರುತು ಅದು. ಹಾಕಿದ ಮೊಳೆ ಜೋಡಿಸುವವನ ಹೆಸರು ನನಗೆ ಗೊತ್ತಿಲ್ಲ. ಆದರೆ ಅವನ ಮೇಜು, ಕೈಯಲ್ಲಿನ ಮೊಳೆ ಜೋಡಿಸುವ ಸ್ಟಿಕ್, ಮುಂದೆ ಒರಗಿಸಿಟ್ಟ ಕಾಪಿ ಎಲ್ಲ ಕಣ್ಣಿಗೆ ಕಟ್ಟುತ್ತದೆ.

1516ರಲ್ಲಿ ಪುಸ್ತಕ ಹೊರಬಂತು. ಮುದ್ರಣವಾಗಿ ಮಾರಾಟಕ್ಕೆ ಬಂದ ಮೊದಲ ಗ್ರೀಕ್ ಹೊಸ ಒಡಂಬಡಿಕೆ ಅದು. ಕೆಲಸ ಕೆಲವೇ ತಿಂಗಳಲ್ಲಿ ಮುಗಿದಿತ್ತು. ಪ್ರಕಟಿಸಿದ್ದು ಅನ್ನುವುದಕ್ಕಿಂತ ಅವಸರದಲ್ಲಿ ನೂಕಿದ್ದು ಅನ್ನಬೇಕು ಅಂತ ಎರಾಸ್ಮಸ್ಸೇ ಆಮೇಲೆ ಬರೆದ. ಕರಡು ತಿದ್ದಿದವಳಾಗಿ ನನಗೆ ಆ ಮಾತು ನೋವು ಕೊಡುತ್ತದೆ.

ಅವಸರ ಏನು ಮಾಡುತ್ತದೆ ಎನ್ನುವುದಕ್ಕೆ ಅದೇ ಕೆಲಸದಿಂದ ಒಂದು ಉದಾಹರಣೆ. ಬೈಬಲಿನ ಕೊನೆಯ ಪುಸ್ತಕವಾದ 'ಪ್ರಕಟಣೆ'ಗೆ ಎರಾಸ್ಮಸ್‌ಗೆ ಸಿಕ್ಕಿದ್ದು ಒಂದೇ ಗ್ರೀಕ್ ಪ್ರತಿ, ರಾಯ್ಖ್‌ಲಿನ್ ಎಂಬ ವಿದ್ವಾಂಸರಿಂದ ಎರವಲು ತಂದದ್ದು. ಅದರ ಕೊನೆಯ ಹಾಳೆ ಹೋಗಿತ್ತು. ಹಾಗಾಗಿ ಕೊನೆಯ ಆರು ವಚನಗಳನ್ನು ಎರಾಸ್ಮಸ್ ಲ್ಯಾಟಿನ್‌ನಿಂದ ಗ್ರೀಕಿಗೆ ತಾನೇ ತಿರುಗಿಸಿದ. ಗ್ರೀಕ್ ಪ್ರತಿಗಳಲ್ಲಿ 'ಜೀವದ ಮರ' ಅಂತಿರುವ ಕಡೆ ಅಚ್ಚಿನಲ್ಲಿ 'ಜೀವದ ಪುಸ್ತಕ' ಅಂತ ಬಂತು. ಲ್ಯಾಟಿನ್‌ನಲ್ಲಿ ಮರಕ್ಕೆ 'ಲಿಗ್ನೊ', ಪುಸ್ತಕಕ್ಕೆ 'ಲಿಬ್ರೊ'. ಎಷ್ಟು ಹತ್ತಿರ ನೋಡಿ. ಒಂದು ಹಾಳೆ ಉದುರಿದ್ದರಿಂದ ಹುಟ್ಟಿದ ಈ ಪಾಠ, ಅಂದರೆ ಪುಸ್ತಕದಲ್ಲಿನ ಪದಗಳ ರೂಪ, ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲಿನವರೆಗೂ ಹೋಯಿತು. ಹಾಳೆ ಎಣಿಸಿ, ಬಣ್ಣ ನೋಡಿ ಅಂತ ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಕೈಗಳನ್ನು ಬಿಡಿಸಿದ ಮೇಲೆ ಪಾಠಕ್ಕೆ ಹೋಗಿ. ಲಿಪಿಕಾರರ ತಪ್ಪುಗಳು ಪ್ರೆಸ್ಸಿನ ತಪ್ಪುಗಳಂತೆಯೇ ಇರುತ್ತವೆ. ಆ ಕಾಲದ ಗ್ರೀಕರ ಬಾಯಲ್ಲಿ ಎಷ್ಟೋ ಸ್ವರಗಳು 'ಇ' ಅಂತಲೇ ಕೇಳುತ್ತಿದ್ದವು, ಹಾಗಾಗಿ ಕಾಗುಣಿತ ತಪ್ಪುತ್ತದೆ. ಎರಡು ಕಡೆ ಒಂದೇ ಥರದ ಪದ ಬಂದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ದೊಡ್ಡ ದೊಡ್ಡ ಪ್ರತಿಗಳಿಗೂ ಇದು ಆಗಿದೆ. ಯೋಹಾನ 17:15ರಲ್ಲಿ ಯೇಸು, ಇವರನ್ನು ಲೋಕದಿಂದ ತೆಗೆ ಅಂತ ಕೇಳುವುದಿಲ್ಲ, ಕೆಡುಕನಿಂದ ಕಾಪಾಡು ಅಂತ ಕೇಳುತ್ತೇನೆ ಎನ್ನುತ್ತಾನೆ. 4ನೇ ಶತಮಾನದ ವ್ಯಾಟಿಕನ್ ಪ್ರತಿಯ ಲಿಪಿಕಾರನ ಕಣ್ಣು ಜಿಗಿದು, ಇವರನ್ನು ಕೆಡುಕನಿಂದ ತೆಗೆ ಅಂತ ಕೇಳುವುದಿಲ್ಲ ಅಂತ ಆಯಿತು. ಇಂಥದ್ದನ್ನು ಕಂಡಾಗ ಲಿಪಿಕಾರನ ಮೇಲೆ ಸಿಟ್ಟಾಗಬೇಡಿ. ಬೆಳಗಿನಿಂದ ಬಗ್ಗಿ ಕೂತವನ ಕಣ್ಣು ಅದು.

ನಿಮ್ಮ ಮೊದಲ ಪಾಠ ಹೋಲಿಕೆಗೆ ಮಾರ್ಕನ ಮೊದಲ ಪುಟ ಸಾಕು. ಸುವಾರ್ತೆ ಶುರುವಾಗುವ ಕಡೆ ದೊಡ್ಡ ಆಲ್ಫಾ ಹುಡುಕಿ, 'ಆರ್ಖೆ' ಅನ್ನುವ ಪದದ್ದು, ಆರಂಭ ಅಂತ ಅರ್ಥ. ಎರಡನೇ ವಚನದಲ್ಲಿ 'ಬರೆದಿರುವಂತೆ' ಅಂತ ಬರುತ್ತದೆ. ಎಲ್ಲಿ ಬರೆದಿರುವಂತೆ? ಎರಾಸ್ಮಸ್ ಅಚ್ಚು ಹಾಕಿಸಿದ್ದು 'ಪ್ರವಾದಿಗಳಲ್ಲಿ' ಅಂತ. ಬೈಜಾಂಟಿಯಂ, ಅಂದರೆ ಮಧ್ಯಯುಗದ ಗ್ರೀಕ್ ಸಾಮ್ರಾಜ್ಯದ, ಕಡೆಯ ಬಹುಪಾಲು ಪ್ರತಿಗಳ ಪಾಠ ಅದೇ. ಹಳೆಯ ಪ್ರತಿಗಳಲ್ಲಿ 'ಪ್ರವಾದಿಯಾದ ಯೆಶಾಯನಲ್ಲಿ' ಅಂತಿದೆ. ಮುಂದೆ ಬರುವ ಮಾತಿನ ಒಂದು ಭಾಗ ಯೆಶಾಯನದ್ದಲ್ಲ, ಮಲಾಕಿ ಎಂಬ ಇನ್ನೊಬ್ಬ ಪ್ರವಾದಿಯದ್ದು. ಅದು ಗೊತ್ತಿದ್ದ ಯಾರೋ ಒಬ್ಬ ಒಳ್ಳೆಯ ಮನಸ್ಸಿನಿಂದಲೇ 'ಪ್ರವಾದಿಗಳು' ಅಂತ ತಿದ್ದಿರಬೇಕು. ನನ್ನ ಅನುಭವದಲ್ಲೂ ಕಾಪಿಗೆ ಜಾಸ್ತಿ ಅಪಾಯ ಇರುವುದು ಅಸಡ್ಡೆಯವರಿಂದಲ್ಲ, ಜಾಣರಿಂದ.

ಇದಾದ ಮೇಲೆ ಅದೇ ಗ್ರಂಥಾಲಯದ ಎ.ಎನ್. ಐವಿ. 2 ತೆರೆಯಿರಿ. ಇದು ಮಿನಸ್ಕ್ಯೂಲ್ 1, 12ನೇ ಶತಮಾನದ್ದು. ಹಾಳೆ ಇನ್ನೂ ಕಿರಿದು, ಆದರೂ ಪುಟಕ್ಕೆ 38 ಸಾಲು. ಪ್ರಕಟಣೆ ಬಿಟ್ಟು ಹೊಸ ಒಡಂಬಡಿಕೆ ಪೂರ್ತಿ ಇದೆ. ಇದರ ಸುವಾರ್ತೆಯ ಪಾಠ ಎಷ್ಟೋ ಕಡೆ ಹಳೆಯದು, ಮಾರ್ಕನಲ್ಲಿ 'ಯೆಶಾಯ' ಇರುವುದು ಇಲ್ಲೇ. ಎರಾಸ್ಮಸ್‌ನ ಕೈಗೂ ಇದು ಸಿಕ್ಕಿತ್ತು. ಬೇರೆ ಪ್ರತಿಗಳಿಗಿಂತ ತುಂಬ ಬೇರೆಯಾಗಿದೆ ಅಂತ ಇದನ್ನು ಅಷ್ಟಾಗಿ ನಂಬಲಿಲ್ಲ.

ಇದೇ ಮಿನಸ್ಕ್ಯೂಲ್ 1ರಲ್ಲಿ, ಈಗಿನ ಎಣಿಕೆಯಂತೆ ಯೋಹಾನನ ಏಳನೇ ಅಧ್ಯಾಯದ ಕೊನೆಗೆ ಹೋಗಿ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಕಾಪಾಡಿದ ಕಥೆ ಇರಬೇಕಾದ ಜಾಗ ಅದು. ಕಥೆ ಅಲ್ಲಿಲ್ಲ, ಪಾಠ ಸುಮ್ನೆ ಮುಂದಕ್ಕೆ ಹರಿಯುತ್ತದೆ. ಹಾಳೆ ಕಳೆದಿದೆಯೇ ಅಂತ ಬಣ್ಣ ನೋಡಿ, ಸಾಲು ನೋಡಿ. ಏನೂ ಕಳೆದಿಲ್ಲ. ಆಮೇಲೆ ಯೋಹಾನನ ಸುವಾರ್ತೆ ಮುಗಿಯುವ ಕಡೆಗೆ ಬನ್ನಿ. ಅಲ್ಲೊಂದು ಟಿಪ್ಪಣಿ ಇದೆ. ಈ ಭಾಗ ಹೆಚ್ಚಿನ ಪ್ರತಿಗಳಲ್ಲಿ ಇಲ್ಲ, ಹಿಂದಿನ ವ್ಯಾಖ್ಯಾನಕಾರರೂ ಇದರ ಮಾತೆತ್ತಿಲ್ಲ, ಅದಕ್ಕೇ ಅದರ ಜಾಗದಲ್ಲಿ ಬರೆಯಲಿಲ್ಲ ಅಂತ. ಅದರ ಕೆಳಗೆ ಆ ಹೆಂಗಸಿನ ಕಥೆ ಪೂರ್ತಿ ಇದೆ.