ಸ್ಯಾಟಲೈಟ್ ಟಿವಿ ಹಾಕಿಸುವ ಮುಂಚೆ ಬಿಲ್ಲಿನ ಈ ಸಾಲು ನೋಡಿ

ಲಾಸ್ ಏಂಜಲೀಸ್ ಕಡೆಗೆ ಹೊಸದಾಗಿ ಬಂದವರು ಮನೆ ಹಿಡಿದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಟಿವಿಯದ್ದೂ ಒಂದು. ಊರಿಂದ ಬರುವ ಅಪ್ಪ ಅಮ್ಮನಿಗೆ ಕನ್ನಡ ಚಾನೆಲ್ ಬೇಕು, ನಮಗೆ ಕ್ರಿಕೆಟ್ ಬೇಕು. ಮಾರುವವರು ದೊಡ್ಡ ಪ್ಯಾಕನ್ನೇ ಮುಂದಿಡುತ್ತಾರೆ. ಸಹಿ ಹಾಕುವ ಮುಂಚೆ ಸ್ವಲ್ಪ ತಾಳಿ.

2013ರಲ್ಲಿ ನಾವು ಹಾಕಿಸಿದಾಗ ಹೇಳಿದ ಬೆಲೆಗೂ ಬಂದ ಬಿಲ್ಲಿಗೂ ತಾಳೆಯೇ ಆಗಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಬಿಲ್ ಹರಡಿಕೊಂಡು, ಪೆನ್ನು ಹಿಡಿದು ಒಂದೊಂದೇ ಸಾಲು ನೋಡಿದೆವು. ಬಾಕ್ಸ್ ಬಾಡಿಗೆ ಸರಿ, ತೆರಿಗೆ ಸರಿ. ನಡುವೆ 'ರೀಜನಲ್ ಸ್ಪೋರ್ಟ್ಸ್ ಫೀ' ಅಂತ ಒಂದು ಸಾಲು. ನಮ್ಮ ಮನೆಯಲ್ಲಿ ಆಗ ಬೇಸ್‌ಬಾಲ್ ನೋಡುವವರೇ ಇರಲಿಲ್ಲ.

ಇಲ್ಲಿ ಆಯಾ ಊರಿನ ತಂಡದ ಪಂದ್ಯ ತೋರಿಸಲು ಬೇರೆಯೇ ಚಾನೆಲ್ ಇರುತ್ತದೆ. ಅದು ತಂಡಕ್ಕೆ ಭಾರಿ ದುಡ್ಡು ಕೊಟ್ಟು ಹಕ್ಕು ಕೊಳ್ಳುತ್ತದೆ. ಆಮೇಲೆ ತಿಂಗಳಿಗೆ ಮನೆಗಿಷ್ಟು ಅಂತ ಸ್ಯಾಟಲೈಟ್ ಕಂಪನಿಯಿಂದ ವಸೂಲಿ ಮಾಡುತ್ತದೆ. ಆಟ ನೋಡುವ ಮನೆಗಷ್ಟೇ ಅಲ್ಲ, ಆ ಪ್ಯಾಕ್ ಇರುವ ಎಲ್ಲ ಮನೆಗಳಿಗೂ. ನಮ್ಮೂರಲ್ಲಿ 2019ರಿಂದ ಟ್ರಾಯ್ ನಿಯಮದಂತೆ ಬೇಕಾದ ಚಾನೆಲ್‌ಗಳನ್ನಷ್ಟೇ ಆರಿಸಿ ದುಡ್ಡು ಕಟ್ಟಬಹುದು, ಅಲ್ವಾ? ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಊರಿನ ಬೇಸ್‌ಬಾಲ್ ತಂಡ ಡಾಡ್ಜರ್ಸ್ ಕಥೆ ಕೇಳಿ. 25 ವರ್ಷದ ಟಿವಿ ಹಕ್ಕಿಗೆ ಸುಮಾರು 835 ಕೋಟಿ ಡಾಲರ್ ಒಪ್ಪಂದವಾಯಿತು. 2014ರಲ್ಲಿ ತಂಡದ ಚಾನೆಲ್ ಸ್ಪೋರ್ಟ್ಸ್‌ನೆಟ್ ಎಲ್‌ಎ ಶುರುವಾದಾಗ ಮನೆಗೆ ತಿಂಗಳಿಗೆ ಹತ್ತಿರ ಹತ್ತಿರ 5 ಡಾಲರ್ ಕೇಳಿದರು. ಬೇಕಾದವರು ಮಾತ್ರ ಕೊಡಲಿ ಅಂತ ಸ್ಯಾಟಲೈಟ್ ಕಂಪನಿ ಡೈರೆಕ್‌ಟಿವಿ ಹೇಳಿತು. ಇಬ್ಬರೂ ಪಟ್ಟು ಬಿಡಲಿಲ್ಲ. 2020ರ ಏಪ್ರಿಲ್‌ವರೆಗೆ, ಅಂದರೆ ಆರು ಸೀಸನ್, ಈ ಊರಿನ ಡೈರೆಕ್‌ಟಿವಿ ಮನೆಗಳಲ್ಲಿ ಆ ಚಾನೆಲ್ಲೇ ಇರಲಿಲ್ಲ.

67 ಸೀಸನ್ ಡಾಡ್ಜರ್ಸ್ ಕಾಮೆಂಟರಿ ಹೇಳಿದ ವಿನ್ ಸ್ಕಲ್ಲಿ ನಿವೃತ್ತರಾಗಿದ್ದು 2016ರಲ್ಲಿ, ಇದೇ ಜಗಳದ ನಡುವೆ. ನಮ್ಮ ಪಕ್ಕದ ಮನೆ ಅಜ್ಜ ಸಂಜೆ ಗ್ಯಾರೇಜ್ ಬಾಗಿಲು ತೆರೆದು, ಮಡಿಸುವ ಕುರ್ಚಿ ಹಾಕಿಕೊಂಡು ರೇಡಿಯೋ ಹಚ್ಚುತ್ತಿದ್ದರು. ಸ್ಕಲ್ಲಿ ದನಿ ರೇಡಿಯೋದಲ್ಲಿ ಬರುತ್ತಿದ್ದದ್ದು ಮೊದಲ ಮೂರು ಇನ್ನಿಂಗ್ಸ್‌ಗೆ ಮಾತ್ರ. ನಾಲ್ಕನೆಯದು ಶುರುವಾದರೆ ಅಜ್ಜ ಸೌಂಡ್ ಕಡಿಮೆ ಮಾಡುತ್ತಿದ್ದರು. ಸ್ಕಲ್ಲಿಯ ಕೊನೆಯ ಆರು ಪಂದ್ಯಗಳನ್ನು ಕೆಟಿಎಲ್‌ಎ ಚಾನೆಲ್ ಎಲ್ಲರಿಗೂ ತೋರಿಸಿತು. ಆ ವಾರ ಗ್ಯಾರೇಜ್ ಬಾಗಿಲು ಮುಚ್ಚಿತ್ತು. ಅಜ್ಜ ಒಳಗೆ ಟಿವಿ ಮುಂದೆ ಕೂತಿದ್ದರು.

ಈಗ ನಿಮ್ಮ ವಿಷಯ. ಕ್ರಿಕೆಟ್ ಬರುವುದು ವಿಲ್ಲೋ ಅನ್ನುವ ಚಾನೆಲ್‌ನಲ್ಲಿ. ಅದಕ್ಕೂ ಈ ಫೀಗೂ ಸಂಬಂಧವಿಲ್ಲ, ಕ್ರಿಕೆಟ್‌ಗೋಸ್ಕರ ದೊಡ್ಡ ಪ್ಯಾಕ್ ಬೇಡವೇ ಬೇಡ. ಡೈರೆಕ್‌ಟಿವಿಯ ಸ್ಯಾಟಲೈಟ್ ಪ್ಯಾಕ್‌ಗಳಲ್ಲಿ ಈ ಫೀ ಬೀಳುವುದು 'ಚಾಯ್ಸ್' ಮತ್ತು ಅದಕ್ಕಿಂತ ಮೇಲಿನವುಗಳಿಗೆ. ಎಷ್ಟು ಅನ್ನುವುದು ಜಿಪ್ ಕೋಡ್ ಮೇಲೆ ಹೋಗುತ್ತದೆ, ಹಾಗಾಗಿ ಬೇರೆ ಊರಿನ ಸ್ನೇಹಿತರ ಬಿಲ್ ನೋಡಿ ಲೆಕ್ಕ ಹಾಕಬೇಡಿ. ಡಿಶ್ ನೆಟ್‌ವರ್ಕ್ 2019ರ ಜುಲೈಯಲ್ಲಿ ಫಾಕ್ಸ್ ಹೆಸರಿನ ಊರ ಚಾನೆಲ್‌ಗಳನ್ನು ಕೈಬಿಟ್ಟಿತು. ಆಟ ಬೇಡದ ಮನೆಗೆ ಅದು ಒಳ್ಳೆಯದೇ.

ಇಂಥ ಫೀಗಳನ್ನೂ ಸೇರಿಸಿ ಚಾನೆಲ್‌ಗಳ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು ಅಂತ ಇಲ್ಲಿನ ಟ್ರಾಯ್ ಅನ್ನಬಹುದಾದ ಎಫ್‌ಸಿಸಿ 2024ರಲ್ಲಿ ನಿಯಮ ಮಾಡಿತು. ಫೋನಿನಲ್ಲಿ ಆ ಮೊತ್ತವನ್ನೇ ಕೇಳಿ, ಬರೆದುಕೊಳ್ಳಿ. ಎರಡು ವರ್ಷದ ಒಪ್ಪಂದವಿದ್ದರೆ ಇನ್ನೂ ಹುಷಾರು. ನಡುವೆ ಚಾನೆಲ್ ಹೋದರೂ ಒಪ್ಪಂದ ಹೋಗುವುದಿಲ್ಲ.

ಅಮೆರಿಕನ್ ಫುಟ್‌ಬಾಲ್ ಸಾಕು ಅನ್ನುವವರು ಕಿಟಕಿಗೆ ಸಣ್ಣ ಆಂಟೆನಾ ಸಿಕ್ಕಿಸಿ. ಫಾಕ್ಸ್, ಸಿಬಿಎಸ್, ಎನ್‌ಬಿಸಿ ಪುಕ್ಕಟೆ ಬರುತ್ತವೆ.

ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಬೇಸ್‌ಬಾಲ್ ಕೇಳಿಯೇ ಕೇಳುತ್ತಾರೆ. ನನ್ನ ಮಗನಿಗೆ ನಾನು ಇಂಟರ್‌ನೆಟ್‌ನಲ್ಲಿ ಇಡೀ ಲೀಗಿನ ಚಂದಾ ಕೊಡಿಸಿದ್ದೆ. ಡಾಡ್ಜರ್ಸ್ ಅಂಗಿ ಹಾಕಿಕೊಂಡು ಸೋಫಾ ಮೇಲೆ ಕೂತ. ಪಂದ್ಯ ಶುರುವಾಗುವ ಹೊತ್ತಿಗೆ ಪರದೆ ಮೇಲೆ 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಅಂತ ಬಂತು. ಊರ ತಂಡದ ಲೈವ್ ಪಂದ್ಯ ಆ ಚಂದಾದಲ್ಲಿ ಬರುತ್ತಿರಲಿಲ್ಲ, ಅದು ಊರ ಚಾನೆಲ್ಲಿನ ಸೊತ್ತು. 2025ರಿಂದ ಸ್ಪೋರ್ಟ್ಸ್‌ನೆಟ್ ಎಲ್‌ಎ ಚಾನೆಲ್ಲನ್ನೇ ನೇರವಾಗಿ ಇಂಟರ್‌ನೆಟ್‌ನಲ್ಲಿ ಕೊಳ್ಳಬಹುದು. ಸೀಸನ್ ಇರುವ ತಿಂಗಳುಗಳಿಗೆ ಮಾತ್ರ ಹಾಕಿಸಿ, ಸೆಪ್ಟೆಂಬರ್ ಮುಗಿದ ಮೇಲೆ ನಿಲ್ಲಿಸಿ.